ಹಿಂದಿನ ಚಕ್ರ

ಲಾರಿಯ ಮುಂಭಾಗ ನನ್ನನ್ನು ಮುಟ್ಟಲೇ ಇಲ್ಲ. ಈ ಒಂದು ಮಾತನ್ನು ಮೂರು ವರ್ಷಗಳಲ್ಲಿ ತುಳುವಿನಲ್ಲಿ ನರ್ಸಿಗೆ, ಕನ್ನಡದಲ್ಲಿ ವಕೀಲರಿಗೆ, ಅರೆಬರೆ ಮಲಯಾಳದಲ್ಲಿ ಪೊಲೀಸರಿಗೆ, ಹರಕು ಹಿಂದಿಯಲ್ಲಿ ಲಾರಿ ಓಡಿಸಿದ ಹುಡುಗನಿಗೇ ಹೇಳಿದ್ದೇನೆ. ಹೇಳಿದಾಗಲೆಲ್ಲ ಎದುರಿಗಿದ್ದವರ ಮುಖದಲ್ಲಿ ಒಂದೇ ಪ್ರಶ್ನೆ: ಮುಟ್ಟಲಿಲ್ಲವಾದರೆ ಕಾಲು ಹೋದದ್ದು ಹೇಗೆ?

ನಾನು ಟೈಲರ್. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಗೂ ಉಪ್ಪಳಕ್ಕೂ ನಡುವಿನ ಒಂದು ಜಂಕ್ಷನ್ನಿನಲ್ಲಿ ಅಂಗಡಿ. ಬ್ಲೌಸು, ಚೂಡಿದಾರ, ಜೂನ್ ಬಂತೆಂದರೆ ಶಾಲೆಯ ಯೂನಿಫಾರ್ಮು. 2022ರ ನವೆಂಬರಿನಲ್ಲಿ ನನಗೆ 44 ವರ್ಷ, ಮಿಷನ್ ತುಳಿಯಲು ಶುರುಮಾಡಿ 24 ವರ್ಷ.

ಹೆದ್ದಾರಿ 66ನ್ನು ಆರು ಪಥ ಮಾಡುವ ಕೆಲಸ ನಮ್ಮಲ್ಲಿ ಜೋರಾಗಿ ನಡೆಯುತ್ತಿದ್ದ ಕಾಲ ಅದು. ಹೊರಗಿನವರಿಗೆ ಆ ದಿನಗಳನ್ನು ವಿವರಿಸುವುದು ಕಷ್ಟ. ನಿನ್ನೆ ನಡೆದ ದಾರಿ ಇವತ್ತು ಇರುತ್ತಿರಲಿಲ್ಲ. ಗುಡ್ಡ ಕಡಿದು ಕೆಂಪು ಮಣ್ಣು ತಂದು ಸುರಿಯುತ್ತಿದ್ದರು, ಕೆಂಪು ಬಿಳಿ ಪ್ಲಾಸ್ಟಿಕ್ ತಡೆಗಳನ್ನು ರಾತ್ರಿ ಸರಿಸಿ ಬೆಳಿಗ್ಗೆ ಬೇರೆ ಕಡೆ ಇಡುತ್ತಿದ್ದರು. ನಮ್ಮ ಬಸ್ ಸ್ಟ್ಯಾಂಡಿನ ಮಾಡು ಆ ವರ್ಷ ಮಳೆಗೆ ಮೊದಲೇ ಹೋಗಿತ್ತು. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ನಾಲ್ಕು ಜನ ನಿಂತಲ್ಲಿ ನಿಲ್ಲುತ್ತಿತ್ತು.

ಅವತ್ತು ಸಂಜೆ ಲೈನಿಂಗ್ ಬಟ್ಟೆ ತರಲಿಕ್ಕೆ ಉಪ್ಪಳಕ್ಕೆ ಹೊರಟಿದ್ದೆ. ಪಡುಬದಿಯಲ್ಲಿ, ಟಾರು ಮುಗಿದು ಮಣ್ಣು ಶುರುವಾಗುವಲ್ಲಿ ನಿಂತಿದ್ದೆ. ನನ್ನ ಎಡಕ್ಕೆ, ತಡೆಗಳ ನಡುವೆ, ಮಣ್ಣಿನ ಲಾರಿಗಳು ಒಳಗೆ ಹೋಗಲು ಬಿಟ್ಟ ಬಾಯಿ ಇತ್ತು. ಕುಂಬಳೆ ಕಡೆಯಿಂದ ಹತ್ತು ಚಕ್ರದ ಟಿಪ್ಪರೊಂದು ಬಂತು. ಇಂಡಿಕೇಟರ್ ಹಾಕಿದ್ದ, ಸುಳ್ಳು ಹೇಳಬಾರದು. ನಿಧಾನವಾಗಿಯೇ ಎಡಕ್ಕೆ ತಿರುಗಿಸಿದ. ಮುಂದಿನ ಚಕ್ರ ನನ್ನಿಂದ ಒಂದು ಗಜಕ್ಕೂ ಹೆಚ್ಚು ದೂರದಲ್ಲಿ ದಾಟಿಹೋಯಿತು. ಹೋಯಿತಲ್ಲ ಎಂದುಕೊಂಡು ಬಸ್ಸು ಬಂತೋ ಎಂದು ನೋಡಲು ಬಲಕ್ಕೆ ಕತ್ತು ತಿರುಗಿಸಿದೆ. ಲಾರಿಯ ಮೈ ನನ್ನ ಕಡೆಗೇ ಸರಿಯುತ್ತಾ ಬಂತು. ಬದಿಯ ಕಬ್ಬಿಣ ಮೊಣಕೈಗೆ ತಾಗಿದಂತಾಗಿ ಹಿಂದೆ ಹೋಗಲು ನೋಡಿದೆ, ಬಲಗಾಲು ಬರಲಿಲ್ಲ. ಆಗಲೇ ಅದರ ಮೇಲೆ ಟಯರ್ ಇತ್ತು.

ಹಿಂಭಾಗದ ಎರಡು ಆಕ್ಸಿಲ್ಲುಗಳಲ್ಲಿ ಮೊದಲನೆಯದರ ಜೋಡಿ ಟಯರು ಹತ್ತಿ ಇಳಿಯಿತು. ನಾನು ಹಿಂದಕ್ಕೆ ಬಿದ್ದೆ, ಆದ್ದರಿಂದ ಅದರ ಹಿಂದಿನ ಜೋಡಿ ನನ್ನನ್ನು ಬಿಟ್ಟು ಹೋಯಿತು. ನೋವು ತಡವಾಗಿ ಬಂತು. ಮೊದಲು ಬಂದದ್ದು ಶಬ್ದ. ಅದನ್ನು ಬರೆಯುವುದಿಲ್ಲ.

ಎತ್ತಿಕೊಂಡು ಹೋದದ್ದು ನಮ್ಮ ಸ್ಟ್ಯಾಂಡಿನ ಒಬ್ಬ ರಿಕ್ಷಾದವ. ಅಪಘಾತದಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರ ಹೆಸರನ್ನು ಬಲವಂತದಿಂದ ಕೇಳುವಂತಿಲ್ಲ, ಸಾಕ್ಷಿ ಹೇಳಲು ಒತ್ತಾಯಿಸುವಂತಿಲ್ಲ ಎಂದು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿಸಿದ್ದಾರೆ. ಅವನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಕೊಂಡುಹೋದ, ಹೆಸರನ್ನೂ ಬರೆಸಿದ. ಇನ್ನೊಂದು ಕೆಲಸವನ್ನೂ ಮಾಡಿದ್ದ: ನನ್ನನ್ನು ಇಳಿಸಿ ವಾಪಸು ಹೋಗಿ, ಬೆಳಕು ಆರುವ ಮೊದಲು ಆ ಜಾಗದ ಫೋಟೋ ಹೊಡೆದು ಸ್ಟ್ಯಾಂಡಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ನನಗೆ ಅದು ತಿಳಿದದ್ದು ಒಂದೂವರೆ ವರ್ಷದ ಮೇಲೆ.

ಮೊದಲು ಕೊಂಡುಹೋದ ಆಸ್ಪತ್ರೆ ಚಿಕ್ಕದು. ಅಲ್ಲಿ ಕ್ಯಾಶುವಾಲಿಟಿಯ ನರ್ಸ್ "ಎಂಚಿನ ಆಂಡ್ ಅಣ್ಣೆರೇ" ಎಂದು ತುಳುವಿನಲ್ಲಿ ಕೇಳಿದಳು. "ಲಾರಿದ ಪಿರವುದ ಟಯರ್ ಕಾರ್‌ದ ಮಿತ್ತ್ ಪೋಂಡು" ಎಂದೆ, ಲಾರಿಯ ಹಿಂದಿನ ಟಯರು ಕಾಲಿನ ಮೇಲೆ ಹೋಯಿತು ಎಂದು. ಅವಳು ಅದನ್ನು ಡ್ಯೂಟಿ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಅವರು ಬರೆದುಕೊಂಡರು. ಪ್ರಜ್ಞೆ ಸರಿಯಾಗಿದ್ದಾಗ ನಾನು ಆಡಿದ ಕೊನೆಯ ಮಾತು ಅದು. ಇಂಜೆಕ್ಷನ್ ಕೊಟ್ಟರು, ಆಂಬುಲೆನ್ಸ್ ಕರೆದರು.

ದೊಡ್ಡ ಗಾಯವಾದರೆ ನಮ್ಮ ಕಡೆಯವರು ಮಂಗಳೂರಿಗೇ ಹೋಗುವುದು. ಅದು ಅಭ್ಯಾಸವೋ ಗತಿಯೋ ಎಂದು ಕೇಳಿದರೆ ಎರಡೂ ಹೌದು. ಆಂಬುಲೆನ್ಸಿನಲ್ಲಿ ಕರ್ನಾಟಕದ ಗಡಿಯಾದ ತಲಪಾಡಿ ದಾಟುವಾಗ ನನ್ನ ಹೆಂಡತಿ "ಗೇಟು ದಾಟಿತು, ಗೇಟು ದಾಟಿತು" ಎಂದು ನನಗೆ ಧೈರ್ಯ ಹೇಳುತ್ತಿದ್ದಳಂತೆ. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿ ಆಂಬುಲೆನ್ಸುಗಳನ್ನು ವಾಪಸು ಕಳಿಸಿದ್ದನ್ನು ನಮ್ಮವರು ಯಾರೂ ಮರೆತಿಲ್ಲ. ಎರಡೂವರೆ ವರ್ಷ ಕಳೆದಿದ್ದರೂ ಅವಳಿಗೆ ಕಾಲಿಗಿಂತ ಗಡಿಯ ಹೆದರಿಕೆಯೇ ಹೆಚ್ಚಾಗಿತ್ತು.

ಅಲ್ಲಿ 31 ದಿನ ಇದ್ದೆ. ಎಲುಬು ಮುರಿದದ್ದಕ್ಕಿಂತ ಕೆಟ್ಟದ್ದು ಚರ್ಮ ಕಳಚಿದ್ದು ಎಂದು ಎಲುಬಿನ ವಿಭಾಗದ ಒಬ್ಬ ಎಳೆಯ ಡಾಕ್ಟರು ಹೇಳಿದರು. ಅವರು ಹೇಳಿದ ರೀತಿ ನನಗೆ ತಟ್ಟನೆ ಅರ್ಥವಾಯಿತು: "ಕಾಲುಚೀಲ ಎಳೆದು ತೆಗೆದ ಹಾಗೆ ಆಗಿದೆ ಅಣ್ಣಾ. ತಿರುಗುವ ಟಯರು ಚರ್ಮವನ್ನು ಹಿಡಿದು ಎಳೆಯುತ್ತದೆ, ಒಳಗಿನ ಮಾಂಸ ಇದ್ದಲ್ಲೇ ಇರುತ್ತದೆ. ಎರಡರ ನಡುವಿನ ಸಣ್ಣ ಸಣ್ಣ ರಕ್ತನಾಳಗಳೆಲ್ಲ ಕಡಿಯುತ್ತವೆ." ಅಸ್ತರು ಬೇರೆ, ಮೇಲ್ಬಟ್ಟೆ ಬೇರೆ ಆದಂತೆ ಎಂದುಕೊಂಡೆ. ಮೊದಲ ದಿನ ಚರ್ಮ ನೋಡಲು ಚೆನ್ನಾಗಿಯೇ ಇತ್ತು. ಮೂರನೆಯ ದಿನ ನೀಲಿ, ಐದನೆಯ ದಿನ ಕಪ್ಪು. ಮೂರು ಸಲ ಥಿಯೇಟರಿಗೆ ಕೊಂಡುಹೋಗಿ ಸತ್ತದ್ದನ್ನು ಕತ್ತರಿಸಿ ತೆಗೆದರು. ಹೆಬ್ಬೆರಳೂ ಪಕ್ಕದ ಬೆರಳೂ ಹೋದವು. ಉಳಿದ ಎಲುಬುಗಳಿಗೆ ತಂತಿ ಹಾಕಿದರು. ಗಾಯದ ಮೇಲೆ ಸ್ಪಂಜು ಅಂಟಿಸಿ ಯಂತ್ರದಿಂದ ಹೀರುವ ಡ್ರೆಸ್ಸಿಂಗ್ ಕಟ್ಟಿದರು, ಆಮೇಲೆ ತೊಡೆಯಿಂದ ಚರ್ಮ ತೆಗೆದು ಪಾದಕ್ಕೆ ಹೊದೆಸಿದರು. ತೊಡೆಯ ಉರಿ ಪಾದಕ್ಕಿಂತ ಹೆಚ್ಚು. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಅದೇ ಡಾಕ್ಟರು ಒಂದು ರಾತ್ರಿ ಬಿಡುವಿದ್ದಾಗ ಹೇಳಿದ ಇನ್ನೊಂದು ಮಾತು ನೆನಪಿದೆ. ಕಾರು ಗುದ್ದಿದರೆ ಬಂಪರು ಮೊಣಕಾಲಿನ ಸುತ್ತ ಹೊಡೆದು ಮನುಷ್ಯನನ್ನು ಬಾನೆಟ್ಟಿನ ಮೇಲೆ ಎಸೆಯುತ್ತದೆ. ಬಸ್ಸು ಲಾರಿಗಳ ಮುಖ ಗೋಡೆಯ ಹಾಗೆ ಚಪ್ಪಟೆ, ಎತ್ತರ. ಎದೆಗೂ ತಲೆಗೂ ಒಟ್ಟಿಗೆ ಹೊಡೆದು ಎದುರಿಗೆ ಕೆಡವುತ್ತದೆ, ಆಮೇಲೆ ಚಕ್ರ. "ನಿಮ್ಮ ಮೈಯಲ್ಲಿ ಪಾದ ಬಿಟ್ಟು ಬೇರೆಲ್ಲೂ ಗೀರು ಸಹ ಇಲ್ಲ. ಮುಖದ ಪೆಟ್ಟು ಅಲ್ಲವೇ ಅಲ್ಲ ಇದು." ಇಷ್ಟನ್ನು ಅವರು ಒಂದು ಕಾಗದದಲ್ಲಿ ಬರೆದು ಕೊಟ್ಟಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆಗ ನಾನು ಕೇಳಲಿಲ್ಲ, ಕೇಳಬೇಕೆಂದೇ ಗೊತ್ತಿರಲಿಲ್ಲ.

ಐದನೆಯ ದಿನ ನಮ್ಮ ಕಡೆಯ ಠಾಣೆಯಿಂದ ಪೊಲೀಸರೊಬ್ಬರು ಹೇಳಿಕೆ ಬರೆದುಕೊಳ್ಳಲು ಬಂದರು. ಅವರು ಅದಕ್ಕೆ ಹೇಳುವುದು 'ಮೊಳಿ' ಎಂದು. ಬಸ್ಸು ಹತ್ತಿ ಅಷ್ಟು ದೂರ ಬಂದ ಒಳ್ಳೆಯ ಮನುಷ್ಯ, ಕಣ್ಣೂರಿನ ಆಚೆಯವರು. ಕನ್ನಡ ಬಾರದು. ನನಗೆ ಮಲಯಾಳ ಅಂಗಡಿಗೆ ಸಾಕಾಗುವಷ್ಟು ಬರುತ್ತದೆ, ಅಳತೆ, ದರ, ನಾಳೆ ಬನ್ನಿ ಎನ್ನುವಷ್ಟು. ಓದಲು ಬಾರದು, ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಹಿಂದಿನ ಟಯರು ಹತ್ತಿತು ಎಂದು ನನಗೆ ಗೊತ್ತಿದ್ದ ಹಾಗೆ ಹೇಳಿದೆ. ಅವರು ತಲೆಯಾಡಿಸಿ ಬರೆದರು, ಓದಿ ಹೇಳಿದರು. ಮಂಪರಿನಲ್ಲಿದ್ದೆ. 'ಲೋರಿ ಇಡಿಚ್ಚು' ಎಂದು ಕಿವಿಗೆ ಬಿದ್ದದ್ದು ನೆನಪಿದೆ. ಕೊನೆಯಲ್ಲಿ 'ವಾಯಿಚ್ಚು ಕೇಟ್ಟು, ಶರಿ' ಎಂಬ ಸಾಲು, ಓದಿಸಿ ಕೇಳಿದೆ, ಸರಿಯಿದೆ ಎಂದು. ಅದರ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ.

ಹತ್ತುವುದು ಬೇರೆ, ಇಡಿಯುವುದು ಬೇರೆ. ಇಡಿಯುವುದೆಂದರೆ ಗುದ್ದುವುದು. ಅಪಘಾತದ ಹೇಳಿಕೆಗಳಲ್ಲಿ ನೂರಕ್ಕೆ ತೊಂಬತ್ತು ಸಲ ಬರೆಯುವ ಶಬ್ದ ಅದು, ಕೈ ತಾನಾಗಿ ಬರೆದಿರಬೇಕು. ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ ಎಂದು ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಮೂಗಿಗೆ ಔಷಧಿಯ ವಾಸನೆ, ಕೈಯಲ್ಲಿ ಡ್ರಿಪ್ಪು ಇರುವಾಗ ಯಾರಿಗೆ ನೆನಪಾಗುತ್ತದೆ?

ಚಾಲಕ ಒಂದು ಸಲ ಬಂದಿದ್ದ. ಒಡಿಶಾದ ಹುಡುಗ, ಇಪ್ಪತ್ತೈದು ಇರಬಹುದು. ಒಂದು ಡಜನ್ ಮೂಸಂಬಿ ತಂದು ಮಂಚದ ಕೆಳಗಿಟ್ಟ. ಕನ್ನಡಿಯಲ್ಲಿ ನೀವು ಕಾಣಲೇ ಇಲ್ಲ ಎಂದ. ನಂಬಿದೆ, ಈಗಲೂ ನಂಬುತ್ತೇನೆ. ಟಿಪ್ಪರಿನ ಚಾಲಕ ಬಲತುದಿಯಲ್ಲಿ, ನಮ್ಮ ತಲೆಗಿಂತ ಎತ್ತರದಲ್ಲಿ ಕೂರುತ್ತಾನೆ. ಎಡಬಾಗಿಲಿನ ಕೆಳಗೆ, ಅದರ ಪಕ್ಕದಲ್ಲಿ ನಿಂತವನು ಅವನಿಗೆ ಇಲ್ಲವೇ ಇಲ್ಲ. ನಾವು ಸಣ್ಣವರಿದ್ದಾಗ ಪ್ರತಿ ಲಾರಿಯಲ್ಲೂ ಒಬ್ಬ ಕ್ಲೀನರ್ ಇರುತ್ತಿದ್ದ. ಎಡಬಾಗಿಲಿನಲ್ಲಿ ಅರ್ಧ ಹೊರಗೆ ನೇತಾಡುತ್ತಾ ಲಾರಿಯ ಮೈಗೆ ಎರಡು ಪೆಟ್ಟು ಬಡಿದು "ಬರಲಿ ಬರಲಿ, ಹೋಲ್ಡ್" ಎಂದು ಕೂಗುತ್ತಿದ್ದ. ಅವನಿಗೆ ಸಂಬಳ ಉಳಿಸಿದವರು ಆ ಎಡಗಣ್ಣಿನ ಜಾಗಕ್ಕೆ ಏನನ್ನೂ ಇಡಲಿಲ್ಲ. ಆ ಹುಡುಗ ಆಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋದ. ಆಗಿನ ಭಾರತೀಯ ದಂಡ ಸಂಹಿತೆಯ 279, 338ನೇ ಕಲಂಗಳು. ಒಂದೊಂದಕ್ಕೆ ದಂಡ ಹೆಚ್ಚೆಂದರೆ ಸಾವಿರ ರೂಪಾಯಿ.

ಮನೆಗೆ ಬಂದಾಗ ಆಸ್ಪತ್ರೆಯ ಬಿಲ್ಲು, ಮದ್ದು ಎಲ್ಲ ಸೇರಿ ಮೂರೂವರೆ ಲಕ್ಷ ದಾಟಿತ್ತು. ನಮ್ಮ ರಾಜ್ಯದ ಆರೋಗ್ಯ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯಲಿಲ್ಲ. ಹೆಂಡತಿಯ ಬಳೆ, ಕರಿಮಣಿಯ ಚಿನ್ನ ಸಹಕಾರಿ ಬ್ಯಾಂಕಿಗೆ ಹೋಯಿತು. ಅಂಗಡಿಯ ಬಾಡಿಗೆಯನ್ನು ಮಾಲಕರು ಆರು ತಿಂಗಳು ಕೇಳಲಿಲ್ಲ, ಅದನ್ನು ಹೇಳಲೇಬೇಕು.

ಪರಿಹಾರಕ್ಕೆ ಅರ್ಜಿ ಹಾಕಬೇಕೆಂದು ಗೊತ್ತಿತ್ತು, ಅವಸರ ಇದೆ ಎಂದು ಗೊತ್ತಿರಲಿಲ್ಲ. ಮೊದಲು ಕಾಲು ಗುಣವಾಗಲಿ ಎಂದುಕೊಂಡು ಮಲಗಿದ್ದೆ. ಮಾರ್ಚ್ ಕೊನೆಗೆ ಯೂನಿಫಾರ್ಮಿನ ಲೆಕ್ಕ ಕೇಳಲು ಬಂದ ಕನ್ನಡ ಶಾಲೆಯ ಮಾಸ್ಟ್ರು ನನ್ನನ್ನು ಕಾಸರಗೋಡಿನ ಒಬ್ಬ ವಕೀಲೆಯ ಹತ್ತಿರ ಕಳಿಸಿದರು. ಅವರು ಮೊದಲು ಕೇಳಿದ್ದು ಕಾಲಿನ ವಿಷಯವಲ್ಲ, ತಾರೀಕು.

"ನವೆಂಬರಾ? ಎಂತ ಮಾರಾಯ್ರೆ ನೀವು! 2022ರ ಏಪ್ರಿಲ್ ಒಂದರಿಂದ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು ಅಂತ ಆಗಿದೆ. ಮೊದಲಿನ ಹಾಗೆ ಯಾವಾಗ ಬೇಕಾದರೂ ಅಲ್ಲ."

ಅದೇ ತಾರೀಕಿನಿಂದ ಪೊಲೀಸರಿಗೂ ಹೊಸ ನಿಯಮ ಬಂದಿತ್ತಂತೆ. 48 ಗಂಟೆಯೊಳಗೆ ಮೊದಲ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ಟ್ರಿಬ್ಯೂನಲಿಗೆ ಹೋಗಬೇಕು. ಗಾಯಾಳುವಿಗೆ ಅವನ ಹಕ್ಕುಗಳ ವಿವರ ಇರುವ ಎರಡನೇ ನಮೂನೆಯ ಫಾರಂ ಕೊಡಬೇಕು. ನನಗೆ ಅಂಥ ಫಾರಂ ಬಂದಿರಲಿಲ್ಲ. ಬಂದಿದ್ದರೂ ಯಾವ ಭಾಷೆಯಲ್ಲಿ ಬರುತ್ತಿತ್ತೋ. ಏಪ್ರಿಲ್ ಎರಡನೇ ವಾರ ಕಾಸರಗೋಡಿನ ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲಿನಲ್ಲಿ 166ನೇ ಕಲಂ ಪ್ರಕಾರ ನನ್ನ ಅರ್ಜಿ ದಾಖಲಾಯಿತು. ಒ.ಪಿ.(ಎಂ.ವಿ.) ಎಂದು ಶುರುವಾಗುವ ಒಂದು ನಂಬ್ರ. ಎದುರುಪಕ್ಷ ಮೂವರು: ಚಾಲಕ, ಮಾಲಕ, ವಿಮಾ ಕಂಪೆನಿ. ಮೊದಲ ಇಬ್ಬರು ಕೊನೆಯವರೆಗೂ ಬರಲಿಲ್ಲ.

ಕಾಗದಗಳು ಒಂದೊಂದಾಗಿ ಬಂದವು. ಎಫ್‌ಐಆರ್, ನನ್ನ ಮೊಳಿ, ಸ್ಥಳ ಮಹಜರು, ವಾಹನ ತಪಾಸಣೆಯ ವರದಿ, ಚಾರ್ಜ್ ಶೀಟ್. ವಕೀಲೆ ಮಲಯಾಳ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಂತೆ ನನ್ನ ಅಪಘಾತ ಬೇರೆ ಯಾರದೋ ಆಗತೊಡಗಿತು. ಮೊಳಿಯಲ್ಲಿ ಲಾರಿ ಬಂದು ಗುದ್ದಿದೆ. ತಪಾಸಣೆಯ ವರದಿಯಲ್ಲಿ ಲಾರಿಯ ಮುಂಭಾಗಕ್ಕೆ ಏನೂ ಆಗಿಲ್ಲ. ಮಹಜರಿನಲ್ಲಿ ಘಟನೆ ನಡೆದ ಜಾಗ ಟಾರಿನ ಅಂಚಿನಿಂದ 70 ಸೆಂಟಿಮೀಟರ್ ಪಡುವಕ್ಕೆ, ಸರಿ. ಆದರೆ ಆ ನಕ್ಷೆಯಲ್ಲಿ ತಿರುವೇ ಇಲ್ಲ! ಮಹಜರು ಬರೆದದ್ದು ಘಟನೆಯಾಗಿ ಒಂಬತ್ತನೆಯ ದಿನ. ಅಷ್ಟರಲ್ಲಿ ಲಾರಿ ಒಳಗೆ ಹೋಗುವ ಬಾಯನ್ನು ಬಡಗಕ್ಕೆ ಸರಿಸಿ ಹಳೆಯದನ್ನು ಮಣ್ಣು ತುಂಬಿ ಮುಚ್ಚಿದ್ದರು. ಬರೆದವರು ಕಂಡದ್ದನ್ನೇ ಬರೆದಿದ್ದರು, ನೇರ ರಸ್ತೆ. ನೇರ ರಸ್ತೆಯಲ್ಲಿ ಲಾರಿಯ ಹಿಂದಿನ ಚಕ್ರ ಮಾತ್ರ ಟಾರು ಬಿಟ್ಟು ಇಳಿದು ಒಬ್ಬನ ಪಾದ ಹತ್ತಿ ಪುನಃ ಟಾರಿಗೆ ಹೋಗುವುದು ಹೇಗೆ?

"ಕಂಪೆನಿಯವರು ಇದನ್ನೇ ಹಿಡಿಯುತ್ತಾರೆ" ಎಂದರು ವಕೀಲೆ. "ನೀವು ಓಡಿ ದಾಟಲು ಹೋಗಿ ಜಾರಿ ಬಿದ್ದು ಚಕ್ರಕ್ಕೆ ಕಾಲು ಕೊಟ್ಟಿರಿ ಅಂತ. ಅರ್ಧ ತಪ್ಪು ನಿಮ್ಮದು ಅಂತ ಆದರೆ ಅರ್ಧ ಹಣ ಹೋಯಿತು. ನನಗೂ ಸರಿಯಾಗಿ ಅರ್ಥ ಆಗ್ತಾ ಇಲ್ಲ ಅಣ್ಣಾ, ಮುಂದಿನ ಚಕ್ರ ಅಷ್ಟು ದೂರ ಹೋದದ್ದು, ಹಿಂದಿನದ್ದು ನಿಮ್ಮ ಮೇಲೆ ಹೇಗೆ ಬಂತು?"

ನನ್ನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಚಾಕ್ ತುಂಡು ಇರುತ್ತದೆ. ಅವರ ಮೇಜಿನ ಮೇಲಿದ್ದ ಹಳೆಯ ಪತ್ರಿಕೆ ಬಿಡಿಸಿ ಗೆರೆ ಎಳೆದೆ. ಬ್ಲೌಸಿನ ಕಂಕುಳ ಸುತ್ತು ಕತ್ತರಿಸುವವನಿಗೆ ಇದು ಹೊಸದಲ್ಲ. ಹೊರಗಿನ ಗೆರೆ, ಒಳಗಿನ ಗೆರೆ ಎರಡೂ ಒಂದೇ ಕಡೆ ಬಾಗಿದರೂ ಒಂದೇ ಅಳತೆ ಇರುವುದಿಲ್ಲ. ಲಾರಿಯಲ್ಲಿ ತಿರುಗುವುದು ಮುಂದಿನ ಚಕ್ರ ಮಾತ್ರ, ಹಿಂದಿನದ್ದು ಎಳೆಸಿಕೊಂಡು ಬರುತ್ತದೆ, ಮುಂದಿನದ್ದರ ಹೆಜ್ಜೆಯಲ್ಲಿ ಹೆಜ್ಜೆ ಇಡುವುದಿಲ್ಲ. ಸುತ್ತಿನ ಒಳಮೈಯನ್ನು ಕೊರೆದುಕೊಂಡು ಹೋಗುತ್ತದೆ. ಲಾರಿ ಉದ್ದವಾದಷ್ಟೂ ಕೊರೆತ ಹೆಚ್ಚು. ನಾನು ನಿಂತದ್ದು ಆ ಒಳಮೈಯಲ್ಲಿ.

ಮನೆಗೆ ಬಂದು ಪ್ಲಸ್ ಟು ಓದುತ್ತಿದ್ದ ಮಗಳಿಗೆ ಹೇಳಿದೆ. ಲಾರಿಯ ಆರ್‌ಸಿಯಲ್ಲಿ ವೀಲ್‌ಬೇಸ್ ಎಂದು ಬರೆದಿರುತ್ತದೆ, ಮುಂದಿನ ಆಕ್ಸಿಲ್ಲಿಗೂ ಹಿಂದಿನದ್ದಕ್ಕೂ ನಡುವಿನ ದೂರ. ಇದರದ್ದು ನಾಲ್ಕು ಮೀಟರಿನ ಹತ್ತಿರ. ಮುಂದಿನ ಚಕ್ರ 8 ಮೀಟರ್ ತ್ರಿಜ್ಯದಲ್ಲಿ ತಿರುಗಿತು ಎಂದಿಟ್ಟುಕೊಳ್ಳಿ. ಎಂಟರ ವರ್ಗ 64, ನಾಲ್ಕರ ವರ್ಗ 16, ಕಳೆದರೆ 48, ಅದರ ವರ್ಗಮೂಲ 6.9. ಹಿಂದಿನ ಚಕ್ರ ಸುತ್ತುವುದು ಆ ತ್ರಿಜ್ಯದಲ್ಲಿ. ಎಂದರೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಒಳಗೆ. "ಪೈಥಾಗೊರಸ್ ಅಪ್ಪಾ" ಎಂದಳು. ಒಂದು ಗಜ ದೂರ ಇದೆ ಎಂದು ಧೈರ್ಯದಲ್ಲಿ ನಿಂತವನ ಹತ್ತಿರ ಇದ್ದದ್ದು ಅಷ್ಟೇ ದೂರ.

ಲೆಕ್ಕ ಸರಿಯಾಯಿತು, ಸಾಕ್ಷಿ ಬೇಕಲ್ಲ. ಆಗ ರಿಕ್ಷಾದವನ ಫೋಟೋ ಸಿಕ್ಕಿತು. ಅವನು ಮೊಬೈಲು ಬದಲಾಯಿಸಿದ್ದ, ಆದರೆ ಗ್ರೂಪಿನಲ್ಲಿ ಮೇಲೆ ಮೇಲೆ ಎಳೆಯುತ್ತಾ ಹೋದರೆ ಇತ್ತು. ಒದ್ದೆ ಕೆಂಪು ಮಣ್ಣಿನಲ್ಲಿ ಎರಡು ಬಾಗಿದ ಗೆರೆ. ಹೊರಗಿನದ್ದು ಒಂದು ಟಯರಿನ ಅಗಲ, ಒಳಗಿನದ್ದು ಜೋಡಿ ಟಯರಿನ ಅಗಲ. ಒಳಗಿನ ಗೆರೆಯ ಮೇಲೆ ನನ್ನ ಬಲಗಾಲಿನ ಚಪ್ಪಲಿ. ನಾನು ಪತ್ರಿಕೆಯ ಮೇಲೆ ಎಳೆದದ್ದನ್ನು ಲಾರಿ ಮೊದಲೇ ಮಣ್ಣಿನ ಮೇಲೆ ಎಳೆದಿಟ್ಟಿತ್ತು.

2024ರಲ್ಲಿ ಒಮ್ಮೆ ಅದಾಲತ್ತಿಗೆ ಕರೆದರು. ಕಂಪೆನಿಯವರು ನಾಲ್ಕೂವರೆ ಲಕ್ಷಕ್ಕೆ ಮುಗಿಸೋಣ ಎಂದರು. ಹೆಂಡತಿಗೆ ಒಪ್ಪಿಗೆಯಿತ್ತು. ಚಿನ್ನ ಬಿಡಿಸಿ ಇನ್ನೂ ಸ್ವಲ್ಪ ಉಳಿಯುತ್ತದೆ, ಸಾಕು, ಈ ಕಾಸರಗೋಡಿನ ತಿರುಗಾಟ ಮುಗಿಯಲಿ ಎಂದಳು. ಅವಳು ಹೇಳಿದ್ದು ತಪ್ಪಲ್ಲ. ಆದರೆ ಕಂಪೆನಿಯ ಕಾಗದದಲ್ಲಿ ನಾನು ಓಡಿ ರಸ್ತೆ ದಾಟುತ್ತಿದ್ದೆ. ಅದಕ್ಕೆ ಸಹಿ ಹಾಕಲು ಮನಸ್ಸು ಬರಲಿಲ್ಲ. ಆ ರಾತ್ರಿ ಮನೆಯಲ್ಲಿ ಊಟ ಮೌನದಲ್ಲಿ ಆಯಿತು.

ಗಾಯದ ಕೇಸುಗಳು ಹೆಚ್ಚಾಗಿ ಕಾಗದದಲ್ಲೇ ಮುಗಿಯುತ್ತವೆಯಂತೆ, ಯಾರೂ ಕೂಟಿಗೆ, ಎಂದರೆ ಸಾಕ್ಷಿಯ ಕಟಕಟೆಗೆ, ಹತ್ತಬೇಕಾಗಿಲ್ಲ. ನಾನು ಹತ್ತಿದೆ. ಯಾವ ಭಾಷೆ ಎಂದು ಕೇಳಿದರು. ಈ ಸಲ ನೆನಪಿತ್ತು: ಕನ್ನಡ ಎಂದೆ. ನಾನು ಹೇಳಿದ್ದನ್ನು ಕನ್ನಡ ಬಲ್ಲ ಸಿಬ್ಬಂದಿಯೊಬ್ಬರು ನ್ಯಾಯಾಧೀಶರಿಗೆ ತಿಳಿಸುತ್ತಿದ್ದರು. ಕಂಪೆನಿಯ ವಕೀಲರು ಮರ್ಯಾದೆಯಿಂದಲೇ ಕೇಳಿದರು.

"ಲಾರಿ ಇಡಿಚ್ಚು ಎಂದು ನೀವೇ ಹೇಳಿ ಸಹಿ ಹಾಕಿದ್ದೀರಲ್ಲ?"

"ಹತ್ತಿತು ಅಂತ ಹೇಳಿದ್ದು."

"ಓದಿ ಕೇಳಿಸಿದಾಗ ಸರಿ ಎಂದಿರಿ."

"ಹೌದು, ಅಂದೆ."

ಅದಕ್ಕಿಂತ ಬೇರೆ ಉತ್ತರ ನನ್ನಲ್ಲಿರಲಿಲ್ಲ. ಆಗ ನಮ್ಮ ವಕೀಲೆ ಎದ್ದು ಮೊದಲನೇ ಆಸ್ಪತ್ರೆಯ ಕಾಗದವನ್ನು ತೋರಿಸಿದರು. ಕೇರಳದಲ್ಲಿ ಅದಕ್ಕೆ ಆಕ್ಸಿಡೆಂಟ್ ರಿಜಿಸ್ಟರ್ ಕಂ ವೂಂಡ್ ಸರ್ಟಿಫಿಕೇಟ್ ಎನ್ನುತ್ತಾರೆ. ಗಾಯ ಹೇಗಾಯಿತೆಂದು ರೋಗಿ ಹೇಳಿದ್ದನ್ನು ಬರೆಯುವ ಜಾಗದಲ್ಲಿ, ಅದೇ ಸಂಜೆ, ಘಟನೆಯಾಗಿ ಅರ್ಧ ಗಂಟೆಯೊಳಗೆ, ಆ ಡಾಕ್ಟರು ಬರೆದಿದ್ದರು: ಲಾರಿಯ ಹಿಂದಿನ ಚಕ್ರ ಬಲಪಾದದ ಮೇಲೆ ಹೋಗಿದೆ. ತುಳುವಿನಲ್ಲಿ ಹೇಳಿದ್ದು ಇಂಗ್ಲಿಷಿಗೆ ಹೋಗುವಾಗ ಒಂದು ಶಬ್ದವೂ ಉದುರಿರಲಿಲ್ಲ. ಆ ನರ್ಸಿನ ಹೆಸರು ನನಗೆ ಗೊತ್ತಿಲ್ಲ.

ಆಮೇಲೆ ಫೋಟೋ. ನ್ಯಾಯಾಧೀಶರು ಅದನ್ನು ಹತ್ತಿರ ಹಿಡಿದು ಸುಮಾರು ಹೊತ್ತು ನೋಡಿದರು. ನಾನು ಕೂಟಿನಲ್ಲಿ ನಿಂತೇ ಇದ್ದೆ, ಎಡಗಾಲಿನ ಮೇಲೆ ಭಾರ ಹಾಕಿ. ಕುಳಿತುಕೊಳ್ಳಿ ಎಂದರು.

ಇನ್ನು ಉಳಿದದ್ದು ಶೇಕಡಾ ಲೆಕ್ಕ. ವೈದ್ಯರ ಮಂಡಳಿ ನನ್ನ ಅಂಗವೈಕಲ್ಯ 18 ಎಂದು ಬರೆದಿತ್ತು. ಕಂಪೆನಿಗೆ ಅಷ್ಟೇ ಸಾಕು. ಆದರೆ ಸುಪ್ರೀಂ ಕೋರ್ಟು 2010ರಲ್ಲಿ ರಾಜ್ ಕುಮಾರ್ ಎಂಬವರ ಕೇಸಿನಲ್ಲಿ ಹೇಳಿದ ಮಾತೊಂದಿದೆ: ದೇಹಕ್ಕೆ ಎಷ್ಟು ಊನ ಎಂಬುದು ಬೇರೆ, ಆ ಮನುಷ್ಯನ ದುಡಿಮೆಗೆ ಎಷ್ಟು ಊನ ಎಂಬುದು ಬೇರೆ. ಟೈಲರನ ಬಲಪಾದ ಎಂದರೆ ಏನು ಎಂದು ವಕೀಲೆ ನನ್ನಿಂದಲೇ ಹೇಳಿಸಿದರು. ಮಿಷನ್ ತುಳಿಯುವುದು ಹಿಮ್ಮಡಿಯಿಂದಲ್ಲ, ಮುಂಪಾದದಿಂದ. ಸೂಜಿ ಬಟ್ಟೆಯ ತುದಿಗೆ ಬಂದಾಗ ಅರ್ಧ ಸುತ್ತಿನಲ್ಲಿ ನಿಲ್ಲಿಸುವುದು ಹೆಬ್ಬೆರಳು. ಮೋಟಾರು ಹಾಕಿಕೊಳ್ಳಬಹುದಲ್ಲ ಎಂದು ಕೇಳಿದರು. ಹಾಕಬಹುದು, ಅದರ ಪೆಡಲನ್ನು ಒತ್ತುವುದೂ ಅದೇ ಹೆಬ್ಬೆರಳು. ಕಾಲಿನಲ್ಲಿ ಇಲ್ಲದ ಬೆರಳು ಒತ್ತಿದಂತೆ ಅನಿಸುತ್ತದೆ, ಮಿಷನ್ ಮಾತ್ರ ನಿಲ್ಲುವುದಿಲ್ಲ.

2025ರ ಆಗಸ್ಟಿನಲ್ಲಿ ತೀರ್ಪು. ತಪ್ಪು ಪೂರ್ತಿ ಲಾರಿಯದ್ದು. ಓಡಿ ದಾಟಿದೆ ಎಂಬುದಕ್ಕೆ ಪುರಾವೆ ಇಲ್ಲ. ತಿಂಗಳ ವರಮಾನ 13,500 ಎಂದು ಹಿಡಿದರು. ಲೆಕ್ಕದ ಪುಸ್ತಕ ಇಡದ ನನ್ನಂಥವರಿಗೆ ಹೀಗೆ ಊಹೆಯ ವರಮಾನ ಹಿಡಿಯುವುದಕ್ಕೂ ಒಂದು ಹಳೆಯ ಕೇಸು ಇದೆ, ರಾಮಚಂದ್ರಪ್ಪ ಎಂಬ ಕೂಲಿ ಕೆಲಸದವರದ್ದು. ಅವರಿಗೆ 2004ರ ಲೆಕ್ಕದಲ್ಲಿ 4,500 ಹಿಡಿದಿದ್ದರು. ಅಲ್ಲಿಂದ ವರ್ಷಕ್ಕೆ 500 ಏರಿಸುತ್ತಾ ಬಂದರೆ 2022ಕ್ಕೆ 13,500. ನನ್ನ ವಯಸ್ಸಿಗೆ ಗುಣಕ 14, ಅದು 2009ರ ಸರಳಾ ವರ್ಮಾ ಕೇಸಿನಿಂದ. ತಿಂಗಳಿಗೆ 13,500, ಹನ್ನೆರಡು ತಿಂಗಳು, 14 ವರ್ಷ: 22,68,000. ಅದರ 18 ಶೇಕಡಾ ಎಂದರೆ 4,08,240. ಟ್ರಿಬ್ಯೂನಲ್ ದುಡಿಮೆಯ ಊನವನ್ನು 30 ಎಂದು ಹಿಡಿಯಿತು: 6,80,400. ನಡುವಿನ 2,72,160 ರೂಪಾಯಿ ಒಂದು ಹೆಬ್ಬೆರಳಿನ ಕಸುಬಿನ ಬೆಲೆ.

ಆಸ್ಪತ್ರೆಯ ಬಿಲ್ಲು, ಎಂಟು ತಿಂಗಳ ಸಂಪಾದನೆ, ಬೈಸ್ಟಾಂಡರ್ ಎಂದರೆ ಆಸ್ಪತ್ರೆಯಲ್ಲಿ ಜೊತೆಗಿದ್ದವರ ಖರ್ಚು, ನೋವಿಗೆ ಇಷ್ಟು, ಆಹಾರಕ್ಕೆ ಇಷ್ಟು ಎಂದು ಒಂದು ಪಟ್ಟಿಯೇ ಇತ್ತು. ಅದರಲ್ಲಿ 'ಬಟ್ಟೆಗೆ ಆದ ಹಾನಿ 1,000' ಎಂಬ ಒಂದು ಸಾಲು. ಓದಿ ನಗು ಬಂತು. ಕ್ಯಾಶುವಾಲಿಟಿಯಲ್ಲಿ ಕತ್ತರಿ ಹಾಕಿದ ಆ ಪ್ಯಾಂಟು ನಾನೇ ಹೊಲಿದದ್ದು, ಹೊಲಿಗೆ ಬಿಚ್ಚಿದ್ದರೆ ಸಾಕಿತ್ತು.

ತೀರ್ಪು ಬಂದ ದಿನವೇ ಹಣ ಬರುವುದಿಲ್ಲ. ಹೈಕೋರ್ಟಿಗೆ ಅಪೀಲು ಹಾಕಲು ಕಂಪೆನಿಗೆ 90 ದಿನ ಇರುತ್ತದೆ. ಅಂಗಡಿಯ ಕ್ಯಾಲೆಂಡರಿನಲ್ಲಿ ಹೆಂಡತಿ ದಿನಕ್ಕೊಂದು ಗೀಟು ಹಾಕುತ್ತಿದ್ದಳು. ಎಂಬತ್ತು ದಾಟಿದ ಮೇಲೆ ಗೀಟು ಹಾಕುವುದನ್ನು ನಿಲ್ಲಿಸಿದಳು, ದೃಷ್ಟಿಯಾಗುತ್ತದೆ ಎಂದು. ಕಂಪೆನಿ ಅಪೀಲಿಗೆ ಹೋಗಲಿಲ್ಲ. ನವೆಂಬರ್ ಕೊನೆಗೆ ಹಣ ಖಾತೆಗೆ ಬಂತು. ಮೊದಲು ಬಳೆ ಬಿಡಿಸಿದೆವು.

ನಾನು ನಿಂತಿದ್ದ ಜಾಗ ಈಗ ಇಲ್ಲ. ಅಲ್ಲಿ ಸರ್ವಿಸ್ ರೋಡು, ಅದರ ಬದಿಗೆ ಚರಂಡಿಯ ಕಾಂಕ್ರೀಟು ಹಲಗೆ, ಆಚೆ ತಲೆಗಿಂತ ಎತ್ತರದ ಗೋಡೆ. ಎಲ್ಲಿ ಆದದ್ದು ಎಂದು ಯಾರಾದರೂ ಕೇಳಿದರೆ ಫೋಟೋ ತೋರಿಸುತ್ತೇನೆ, ಜಾಗ ತೋರಿಸಲು ಆಗುವುದಿಲ್ಲ.

ಡಿಸೆಂಬರಿನಲ್ಲಿ ಒಂದು ಪವರ್ ಮಿಷನ್ ತಂದೆ. ಅದರ ಪೆಡಲು ಬಲಕ್ಕಿತ್ತು. ಪರಿಚಯದ ವೆಲ್ಡಿಂಗಿನವನಿಂದ ಸರಳು ಕಡಿಸಿ ಎಡಕ್ಕೆ ಮಾಡಿಸಿದೆ. ಎಡಗಾಲಿಗೆ ಇನ್ನೂ ಬುದ್ಧಿ ಬಂದಿಲ್ಲ, ಒತ್ತು ಎಂದರೆ ಒದೆಯುತ್ತದೆ. ಮೊದಲ ಬ್ಲೌಸು ಹೆಂಡತಿಯದ್ದೇ. ಅವಳು ತೋಳನ್ನು ಒಳಮೈ ಮಾಡಿ ಬೆಳಕಿಗೆ ಹಿಡಿದು ನೋಡಿದಳು.

"ಕಂಕುಳಲ್ಲಿ ಓಡಿದೆ" ಎಂದಳು.

ಬಿಚ್ಚಿ ಪುನಃ ಹೊಲಿದೆ.